ಡಂಡಿ ದೊಡ್ಡಮ್ಮನ ಕಡೆಯವರು

ನನ್ನ ಸೋದರಮಾವನಿಗೆ ಸ್ಕಾಟ್ಲೆಂಡಿನಲ್ಲಿ ಸತ್ತವರೆಲ್ಲ ಗೊತ್ತು, ವಿಶಾಖಪಟ್ಟಣದ ತಮ್ಮ ಎದುರುಮನೆಯಲ್ಲಿ ಬದುಕಿರುವವರು ಮಾತ್ರ ಗೊತ್ತಿಲ್ಲ! ಎದುರುಮನೆಯವರು ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲು ತೆರೆದು “ನಮಸ್ಕಾರಮಂಡಿ” ಎಂದರೆ, ಯಾರಪ್ಪಾ ಇವರು ಎಂಬಂತೆ ಮಾವ ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ. ಅದೇ, ಡಂಡಿ ಎಂಬ ಊರಿನ ಸಣಬಿನ ಗಿರಣಿಯಲ್ಲಿ ನಮ್ಮ ಮುತ್ತಜ್ಜಿಯ ಕಾಲದಲ್ಲಿ ನೂಲು ಸುತ್ತುತ್ತಿದ್ದ ಯಾವಳೋ ಹೆಂಗಸಿಗೆ ಎಷ್ಟು ಮಕ್ಕಳು, ಹಿರಿಯವನು ಯಾರ ಮನೆಯ ಹೆಣ್ಣು ತಂದ, ಕಿರಿಯವಳು ಯಾರ ಜೊತೆ ಓಡಿಹೋದಳು ಎಂದು ಕೇಳಿ ನೋಡಿ! ನೀವು ಮುಂದಿನ ಬಸ್ಸು ಹಿಡಿಯುವ ಆಸೆ ಬಿಟ್ಟು ಕೇಳಬೇಕು, ಅಷ್ಟೆ.

ಈ ಮಾವ ನನ್ನ ಅಮ್ಮನ ಅಣ್ಣ. ನಾವು ತಿಪಟೂರಿನ ಕಡೆಯವರು. ಬಂದರಿನ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ಹರೆಯದಲ್ಲೇ ವೈಜಾಗ್ ಸೇರಿದ ಮಾವ, ನಿವೃತ್ತರಾದ ಮೇಲೂ ಅಲ್ಲೇ ಉಳಿದರು. ನಾನು ಬ್ಯಾಂಕಿನವಳು. ನನಗೆ ವಿಜಯವಾಡಕ್ಕೆ ವರ್ಗವಾದಾಗ ಅಮ್ಮ, “ಯಾಕೆ ಹೆದರ್ತೀಯ, ಪಕ್ಕದಲ್ಲೇ ಮಾವ ಇದ್ದಾನಲ್ಲ!” ಎಂದು ಧೈರ್ಯ ಹೇಳಿ ಕಳಿಸಿದ್ದಳು. ಅಮ್ಮನ ಲೆಕ್ಕದಲ್ಲಿ ಆಂಧ್ರ ಎಂದರೆ ಒಂದು ಬೀದಿ. ಅದರ ಈ ತುದಿ ವಿಜಯವಾಡ, ಆ ತುದಿ ವೈಜಾಗ್. ನಸುಕಿನಲ್ಲಿ ರೈಲು ಹತ್ತಿದರೆ ಇಳಿಯುವಷ್ಟರಲ್ಲಿ ಊಟದ ಹೊತ್ತಾಗುತ್ತದೆ ಎಂದು ಆಕೆಗೆ ಯಾರು ಹೇಳಬೇಕು?

ವಿಜಯವಾಡಕ್ಕೆ ಬಂದು ಇನ್ನೂ ಸಾಮಾನು ಬಿಚ್ಚಿರಲಿಲ್ಲ. ಮಾವನ ಫೋನು. ದನಿ ಗದ್ಗದ!

“ಪುಟ್ಟೀ, ಹೋಗ್ಬಿಟ್ಟಳು ಕಣೇ! ಏನೋ ಜ್ವರ ಅಂತೆ. ಇನ್ನೂ ಚಿಕ್ಕ ವಯಸ್ಸು. ಮೂರೂ ಮಕ್ಕಳು ಕೈಗೂಸು!”

“ಯಾರು ಮಾವಾ? ಯಾರು?” ಎನ್ನುವಷ್ಟರಲ್ಲಿ ಫೋನು ಕಡಿದುಹೋಯಿತು. ಮತ್ತೆ ಮಾಡಿದರೆ ಎತ್ತುವವರಿಲ್ಲ. ಹೊಸ ಮ್ಯಾನೇಜರ್ ಮುಂದೆ ಕಣ್ಣೀರು ಹಾಕಿ ರಜೆ ಪಡೆದು ಬೆಳಗಿನ ರೈಲು ಹತ್ತಿದೆ. ನೆಂಟರಲ್ಲಿ ಚಿಕ್ಕ ವಯಸ್ಸಿನ, ಮೂರು ಮಕ್ಕಳ ತಾಯಂದಿರು ಯಾರು ಯಾರಿದ್ದಾರೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೇ ಹಾಕಿದ್ದು. ಗೋದಾವರಿ ಸೇತುವೆ ಬಂದಾಗ ಸತ್ತವಳ ಆತ್ಮಕ್ಕೆ ಶಾಂತಿ ಸಿಗಲೆಂದು ಕೈಮುಗಿದೆ. ಎದುರು ಕೂತಿದ್ದ ತೆಲುಗಿನ ಅಮ್ಮ “ಅಯ್ಯೋ ಪಾಪಂ” ಎಂದು ತನ್ನ ಇಡ್ಲಿಯಲ್ಲಿ ಅರ್ಧ ನನಗೆ ಕೊಟ್ಟಳು.

ಬಾಗಿಲು ತೆರೆದವಳು ಮಾವನ ಹೆಂಡತಿ, ಅಂದರೆ ನನ್ನ ಅಕ್ಕ; ಕೈಯಲ್ಲಿ ಒಗ್ಗರಣೆ ಸೌಟು.

“ಯಾರು ಹೋದದ್ದು ಅಕ್ಕಾ?” ಎಂದು ಬಾಗಿಲಲ್ಲೇ ಅತ್ತುಬಿಟ್ಟೆ.

“ಓ, ಅವಳಾ? ಅವಳು ಹೋಗಿ ನೂರು ವರ್ಷದ ಮೇಲಾಯ್ತಂತೆ. ಸ್ಕಾಟ್ಲೆಂಡಿನವಳು. ಕೈಕಾಲು ತೊಳ್ಕೊಂಡು ಬಾ, ಹುಳಿ ಆರಿಹೋಗುತ್ತೆ.”

ನಾನು ಹೌಹಾರಿ ಮಾವನನ್ನು ನೋಡಿದೆ. ಅವರ ಕಣ್ಣು ನಿಜಕ್ಕೂ ಕೆಂಪಾಗಿತ್ತು!

“ಏನ್ ಮಾವಾ ಇದು? ನೂರು ವರ್ಷದ ಹಿಂದೆ ಸತ್ತವಳಿಗೆ ಈಗ ಅಳೋದಾ?”

“ನನಗೆ ಗೊತ್ತಾಗಿದ್ದು ನೆನ್ನೆ ತಾನೇ? ದೂರದ ಊರಲ್ಲಿ ಸತ್ತರೆ ಸುದ್ದಿ ಕೇಳಿದ ದಿನದಿಂದಲ್ವೇನೇ ಸೂತಕ?” ಎಂದರು ಮಾವ. ಶಾಸ್ತ್ರ ಬಲ್ಲವರ ಜೊತೆ ವಾದ ಮಾಡುವುದು ಹೇಗೆ? ನಾನು ಕೈಕಾಲು ತೊಳೆದುಕೊಂಡು ಹುಳಿಗೆ ಕೂತೆ.

ಊಟದ ನಡುವೆ ವಿಷಯ ಹೊರಬಿತ್ತು. ನಿವೃತ್ತರಾದ ಮೇಲೆ ಒಮ್ಮೆ ಮಾವ ಭೀಮಿಲಿಯಲ್ಲಿ ಒಂದು ಮದುವೆಗೆ ಹೋಗಿದ್ದರಂತೆ. ಭೀಮಿಲಿ ವೈಜಾಗಿನಾಚೆ ಕಡಲಂಚಿನ ಹಳೇ ಊರು. ಊಟದ ಪಂಕ್ತಿ ತಡವಾಯಿತೆಂದು ಸುಮ್ಮನೆ ಅಡ್ಡಾಡುತ್ತ ಕಡಲ ಬದಿಯ ಇಂಗ್ಲಿಷರ ಕಾಲದ ಸ್ಮಶಾನಕ್ಕೆ ಹೊಕ್ಕಿದ್ದಾರೆ. ಮದುವೆ ಊಟಕ್ಕೆ ಕಾಯುವವರು ಸ್ಮಶಾನಕ್ಕೆ ಹೋಗುವುದನ್ನು ಎಲ್ಲಾದರೂ ಕೇಳಿದ್ದೀರಾ? ಒಂದು ಸಮಾಧಿ ಕಲ್ಲಿನ ಅಕ್ಷರ ಮುದ್ದಾಗಿ ಕಂಡಿತೆಂದು ಮೊಬೈಲಿನಲ್ಲಿ ಚಿತ್ರ ತೆಗೆದು ಅಂತರ್ಜಾಲಕ್ಕೆ ಏರಿಸಿದ್ದಾರೆ. ಸ್ಕಾಟ್ಲೆಂಡಿನಿಂದ ಯಾರೋ ಬರೆದರಂತೆ: “ಅಯ್ಯಾ ಪುಣ್ಯಾತ್ಮ, ಅದು ನಮ್ಮ ಮುತ್ತಜ್ಜನ ತಮ್ಮ! ಎಲ್ಲಿ ಹೋದನೆಂದು ಮೂರು ತಲೆಮಾರಿನಿಂದ ಹುಡುಕುತ್ತಿದ್ದೆವು.”

ಅಲ್ಲಿಗೆ ಮುಗಿಯಿತು ನಮ್ಮ ಮಾವನ ಕಥೆ. ತಮ್ಮ ತಮ್ಮ ವಂಶ ಹುಡುಕುವವರದ್ದೇ ಒಂದು ದೊಡ್ಡ ಕೂಟ ಅಂತರ್ಜಾಲದಲ್ಲಿದೆ. ಒಬ್ಬರು ಚರ್ಚಿನ ಹಳೇ ದಾಖಲೆ ಓದುತ್ತಾರೆ, ಇನ್ನೊಬ್ಬರು ಜನಗಣತಿಯ ಹಾಳೆ ನೋಡುತ್ತಾರೆ, ಮತ್ತೊಬ್ಬರು ಹಡಗು ಹತ್ತಿದವರ ಹೆಸರು ತೆಗೆಯುತ್ತಾರೆ. ಸಿಕ್ಕಿದ್ದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಈ ಕಡಲ ತೀರಕ್ಕೆ ಬಂದು ಸತ್ತ ಸ್ಕಾಟಿಷರನ್ನು ಹುಡುಕಿಕೊಡುವ ಜವಾಬ್ದಾರಿ ನಮ್ಮ ಮಾವನದ್ದು. ಸ್ಕಾಟ್ಲೆಂಡಿನಲ್ಲಿ ಮಾವನಿಗೆ ಸ್ವಂತದ್ದೆಂಬ ಒಬ್ಬ ಪೂರ್ವಜನೂ ಇಲ್ಲ. ಇಲ್ಲದಿದ್ದರೇನು, ಬೇರೆಯವರದ್ದು ಬೇಕಾದಷ್ಟಿದೆಯಲ್ಲ!

ಹೀಗೆ ಸಿಕ್ಕವಳೇ ಡಂಡಿ ದೊಡ್ಡಮ್ಮ. ಡಂಡಿಯಲ್ಲಿ ಒಂಟಿಯಾಗಿರುವ, ಎಂಬತ್ತು ದಾಟಿದ ಮುದುಕಿ. ಮಾವನಿಗಿಂತ ಹಿರಿಯಳಾದ್ದರಿಂದ ಮಾವನೇ ಕೊಟ್ಟ ಬಿರುದು ಅದು. ಆಕೆಯ ಮುತ್ತಜ್ಜ ಇಲ್ಲಿನ ಸಣಬಿನ ಗಿರಣಿಗೆ ಮೇಲ್ವಿಚಾರಕನಾಗಿ ಬಂದವನು. ಹೆಂಡತಿ ಇಲ್ಲೇ ಒಂದು ಗಂಡು, ಒಂದು ಹೆಣ್ಣು ಹೆತ್ತಳು. ಹೆಣ್ಣುಮಗು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿತು. ಅದನ್ನು ಕಡಲ ಹತ್ತಿರ ಎಲ್ಲೋ ಹೂಳಿ, ಉಳಿದ ಗಂಡುಮಗುವನ್ನು ಎತ್ತಿಕೊಂಡು ಅವರು ಊರಿಗೆ ಮರಳಿದರು. ಆ ತಾಯಿ ಮುದುಕಿಯಾಗಿ ಹಾಸಿಗೆ ಹಿಡಿದಾಗಲೂ “ಅದರ ಹತ್ತಿರ ಯಾರಿದ್ದಾರೆ?” ಎಂದು ಕೇಳುತ್ತಲೇ ಇದ್ದಳಂತೆ. ಉತ್ತರ ಹೇಳುವವರು ಯಾರೂ ಇರಲಿಲ್ಲ.

“ನಾನು ಇನ್ನೇನು ಆಕೆ ಹತ್ತಿರಾನೇ ಹೋಗೋಳು. ಹೋದಾಗ ಕೇಳಿದ್ರೆ ಏನು ಹೇಳ್ಲಿ? ಆ ಮಗು ಎಲ್ಲಿದೆ ಅಂತ ಹುಡುಕಿಕೊಡಪ್ಪಾ” ಎಂದು ಡಂಡಿ ದೊಡ್ಡಮ್ಮ ಮಾವನನ್ನು ಕೇಳಿಕೊಂಡಿದ್ದಳು. ಆಕೆಯ ಹೃದಯ ದುರ್ಬಲವಾಗಿತ್ತು. ಮುಂದಿನ ಬೇಸಿಗೆಯ ಮಾತು ಬೇಡವೆಂದು ಡಾಕ್ಟರರೇ ಹೇಳಿಬಿಟ್ಟಿದ್ದರಂತೆ. ಮಾವ ಹುಡುಕುತ್ತಿದ್ದದ್ದು ಆ ಮಗುವನ್ನು.

ಈಗ ‘ಅಕ್ಕ’ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಮಾವನ ಹೆಂಡತಿ ನನಗೆ ಅತ್ತೆಯಾಗಬೇಕು ತಾನೇ? ಆದರೆ ಮಾವ ಮದುವೆಯಾದದ್ದು ತಮ್ಮ ಸ್ವಂತ ಅಕ್ಕನ ಮಗಳನ್ನು. ಅಂದರೆ ಆಕೆ ನನ್ನ ಅಮ್ಮನ ಅಕ್ಕನ ಮಗಳು. ನನಗೆ ಹುಟ್ಟಿದಾಗಿನಿಂದ ಅಕ್ಕ. ನಮ್ಮಲ್ಲಿ ಇದೇನು ದೊಡ್ಡ ವಿಷಯ? ಆಂಧ್ರದಲ್ಲಂತೂ ವಿಷಯವೇ ಅಲ್ಲ. ಆದರೆ ವಂಶವೃಕ್ಷ ಬರೆಯುವ ಆ ಕಂಪ್ಯೂಟರ್ ಇದೆಯಲ್ಲ, ಅದು ಬೆಚ್ಚಿಬಿತ್ತು! ಮಾವ ಪರೀಕ್ಷೆಗೆಂದು ಮೊದಲು ಸ್ವಂತ ಸಂಸಾರವನ್ನು ತುಂಬಿಸಿದರಂತೆ. ಹೆಂಡತಿಯ ತಾಯಿ ಯಾರು ಎಂದು ಕೇಳಿತು. ನನ್ನ ಅಕ್ಕ ಎಂದರು. ಪರದೆಯ ಮೇಲೆ ಕೆಂಪು ಅಕ್ಷರ: ‘ಒಬ್ಬರನ್ನೇ ಎರಡು ಸಲ ಸೇರಿಸಿದಂತಿದೆ, ದಯವಿಟ್ಟು ಪರಿಶೀಲಿಸಿ.’

“ಪರಿಶೀಲಿಸಿದೆ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಒಬ್ಬಳೇ ಸಾಕಾಗಿದ್ದಾಳೆ!” ಎಂದರು ಮಾವ. ಅಡುಗೆಮನೆಯಿಂದ ಒಂದು ತಟ್ಟೆ ಜೋರಾಗಿ ಕೆಳಗಿಟ್ಟ ಸದ್ದು ಕೇಳಿಸಿತು.

ಮುಂದಿನ ವಿಡಿಯೋ ಕಾಲಿನಲ್ಲಿ ನಾನೂ ಇದ್ದೆ. ಮಾತಿಗೆ ಮಾತು ಬಂದು ಮಾವ ತಮ್ಮ ಮದುವೆಯ ವಿಷಯ ಹೇಳಿಬಿಟ್ಟರು. ಡಂಡಿ ದೊಡ್ಡಮ್ಮನ ಕೈಯಲ್ಲಿದ್ದ ಟೀ ಕಪ್ಪು ಅಲ್ಲೇ ನಿಂತಿತು. “ಸ್ವಂತ ಅಕ್ಕನ ಮಗಳು? ಸ್ವಂತ?” ಎಂದು ಎರಡೆರಡು ಸಲ ಕೇಳಿದಳು. ಪಾಪ, ಆ ದುರ್ಬಲ ಹೃದಯಕ್ಕೆ ಏನಾಗುತ್ತದೋ ಎಂದು ನನಗೆ ದಿಗಿಲು! ಮಾವ ಅಷ್ಟಕ್ಕೇ ಬಿಡಬೇಕಲ್ಲ?

“ನಮ್ಮದಿರಲಿ, ನಿಮ್ಮದು ನೋಡಿ ನನಗೇ ಗಾಬರಿ ಆಯ್ತು. ನಿಮ್ಮ ಮುತ್ತಜ್ಜನ ಮನೆ ಹೆಸರೂ ಮುತ್ತಜ್ಜಿಯ ತವರಿನ ಹೆಸರೂ ಒಂದೇ! ಒಂದೇ ಕುಲ! ನಮ್ಮಲ್ಲಿ ಅವರು ಅಣ್ಣ ತಂಗಿ ಆಗ್ತಾರೆ. ಹಿರಿಯರು ಹೇಗೆ ಒಪ್ಪಿದರು?”

“ಅವರ ನಡುವೆ ಯಾವ ಸಂಬಂಧವೂ ಇರಲಿಲ್ಲ! ಬೇರೆ ಬೇರೆ ಊರಿನವರು!”

“ಊರು ಬೇರೆಯಾದರೆ ಗೋತ್ರ ಬೇರೆ ಆಗುತ್ತಾ?”

ಪರದೆಯ ಆಚೆಗೊಂದು ಮುಖ, ಈಚೆಗೊಂದು ಮುಖ. ಎರಡರಲ್ಲೂ ಶಿವ ಶಿವಾ ಎಂಬ ಭಾವ. ಒಬ್ಬರ ಪೂರ್ವಜರನ್ನು ಇನ್ನೊಬ್ಬರು ಕ್ಷಮಿಸಲು ಒಂದು ವಾರ ಹಿಡಿಯಿತು. ಆಮೇಲೆ ಡಂಡಿ ದೊಡ್ಡಮ್ಮನೇ ಫೋನು ಮಾಡಿ, “ಆದದ್ದು ಆಗಿಹೋಯಿತು ಬಿಡು” ಎಂಬರ್ಥದ ಏನೋ ಹೇಳಿದಳಂತೆ.

ಅಕ್ಕನಿಗೆ ಮಾತ್ರ ಇದೆಲ್ಲ ಮೈಮೇಲೆ ಕೆಂಡ. “ಊರವರ ಹೆಣ ಎಣಿಸೋದೂ ಒಂದು ಕೆಲಸವೇ?” ಎಂದು ಹಂಗಿಸುವಳು. ಮಾವ ಭೀಮಿಲಿಯಿಂದ ಬಂದರೆ ನೇರ ಬಚ್ಚಲುಮನೆ. ತಲೆಗೆ ನೀರು ಬೀಳುವವರೆಗೆ ಒಳಗೆ ಪ್ರವೇಶವಿಲ್ಲ. ಅದೂ ಸರಿ. ಒಂದು ದಿನ ಅಕ್ಕನಿಗೆ ಹೊಳೆಯಿತು: ಸ್ಮಶಾನಕ್ಕೆ ಮಾವನ ಜೊತೆ ಮೊಬೈಲೂ ಹೋಗಿ ಬಂದಿದೆ! ಅದಕ್ಕೆ ಸ್ನಾನ ಬೇಡವೇ? ಮಾವ ಬಚ್ಚಲಿನಲ್ಲಿದ್ದಾಗ ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಒರೆಸಿ, ಕುಂಕುಮವಿಟ್ಟು ದೇವರ ಮುಂದೆ ಇಟ್ಟಿದ್ದಳು. ಆ ವಾರ ಹುಡುಕಿ ತೆಗೆದಿದ್ದ ಚಿತ್ರಗಳಿಗೆಲ್ಲ ಅಲ್ಲೇ ಎರಡನೇ ಸಲ ಮೋಕ್ಷವಾಯಿತು.

“ಅಲ್ಲ ಮಾರಾಯ್ತೀ, ಇದನ್ನ ಯಾರಾದ್ರೂ ನೀರಿಗೆ ಹಾಕ್ತಾರಾ?” ಎಂದು ಮಾವ ತಲೆಯ ಮೇಲೆ ಕೈಹೊತ್ತರು.

“ನಿಮಗೆ ಎರಡು ಚೊಂಬು ಹಾಕ್ದಾಗ ನೀವು ಕೆಟ್ಟುಹೋದ್ರಾ?” ಎಂದಳು ಅಕ್ಕ.

ಇದೇ ಸಮಯಕ್ಕೆ ಅಕ್ಕನ ಮೊಣಕಾಲು ಕೈಕೊಟ್ಟಿತು. ಬೆಂಜ್ ಸರ್ಕಲ್ ಹತ್ತಿರ ಒಳ್ಳೆಯ ಮೂಳೆ ಡಾಕ್ಟರು ಇದ್ದಾರೆಂದು ಇಬ್ಬರನ್ನೂ ವಿಜಯವಾಡಕ್ಕೆ ಕರೆಸಿಕೊಂಡೆ. ಸಂಬಂಧ ಏನೆಂದು ನರ್ಸಮ್ಮ ಕೇಳಿದಾಗ ನಾನು ಉಸಿರು ಬಿಗಿಹಿಡಿದು ವಿವರಿಸಿದೆ. ಆಕೆಯ ಮುಖ ಅರಳಿತು! “ಮೇನರಿಕಮಾ? ಮಾದೀ ಅಂತೇ ಅಮ್ಮಾ!” ತನ್ನದೂ ಸೋದರಮಾವನ ಜೊತೆಗಿನ ಮದುವೆಯಂತೆ. ಕಂಪ್ಯೂಟರಿಗಿಲ್ಲದ ಬುದ್ಧಿ ನರ್ಸಮ್ಮನಿಗಿದೆ ನೋಡು ಎಂದು ಮಾವ ನನ್ನತ್ತ ಹೆಮ್ಮೆಯಿಂದ ನೋಡಿದರು.

ಡಾಕ್ಟರು ಚಿಕ್ಕ ವಯಸ್ಸಿನವರು. ವಾಡಿಕೆಯಂತೆ, “ಮನೆತನದಲ್ಲಿ ಯಾರಿಗಾದರೂ ಈ ತೊಂದರೆ ಇತ್ತಾ?” ಎಂದು ಕೇಳಿದರು. ಕೇಳಬಾರದ ವ್ಯಕ್ತಿಯ ಮುಂದೆ ಕೇಳಬಾರದ ಪ್ರಶ್ನೆ! ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ತಿಪಟೂರಿನ ಅಜ್ಜನ ಅಜ್ಜನಿಂದ ಹಿಡಿದು ಒಬ್ಬೊಬ್ಬರ ಮೊಣಕಾಲೂ ಹೊರಬಂತು. ಅದು ಮುಗಿದ ಮೇಲೆ, “ಡಂಡಿ ಕಡೆಯವರಿಗೆ ಮೊಣಕಾಲು ಗಟ್ಟಿ, ಅವರದ್ದೇನಿದ್ದರೂ ಎದೆ” ಎಂದರು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದರೆ ಡಾಕ್ಟರು ಪೆನ್ನು ಕೆಳಗಿಟ್ಟು, “ಸಾರ್, ನಮ್ಮ ತಾತ ಬರ್ಮಾದಿಂದ ನಡೆದು ಬಂದವರಂತೆ. ಅವರ ಊರು ಯಾವುದು ಅಂತ ತಿಳಿಯೋದು ಹೇಗೆ?” ಎಂದು ಕೇಳಿದರು! ಮರುವಾರ ಆಸ್ಪತ್ರೆಯಿಂದ ನನಗೆ ಫೋನು: “ಮೇಡಂಗಾರೂ, ಸಾರ್‌ನ ಕರ್ಕೊಂಡು ಬನ್ನಿ ಅಂತ ಡಾಕ್ಟರ್‌ಗಾರು ಕೇಳ್ತಿದ್ದಾರೆ. ಪೇಷಂಟ್ ಬರದಿದ್ದರೂ ಪರವಾಗಿಲ್ಲ.”

ಇರಲಿ, ಮಗುವಿನ ವಿಷಯಕ್ಕೆ ಬರೋಣ. ಆ ಕಾಲದ ಸ್ಕಾಟಿಷರಲ್ಲೂ ನಮ್ಮ ಹಾಗೆಯೇ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವ ಪದ್ಧತಿಯಿತ್ತಂತೆ. ಯಾವ ಮಗುವಿಗೆ ಯಾವ ಕಡೆಯ ಅಜ್ಜಿಯ ಹೆಸರು ಎಂಬುದಕ್ಕೂ ನಿಯಮ! ಇದನ್ನು ತಿಳಿದ ದಿನ ಮಾವ ಕುಣಿದಾಡಿದರು. “ನೋಡೇ, ನಮ್ಮವರೇ ಕಣೇ ಇವರು!” ಮಾವನೂ ಡಂಡಿ ದೊಡ್ಡಮ್ಮನೂ ಕೂತು ಲೆಕ್ಕ ಹಾಕಿ, ಆ ಮಗುವಿನ ಹೆಸರು ಮಾರ್ಗರೆಟ್ ಆಗಿರಲೇಬೇಕು ಎಂದು ತೀರ್ಮಾನಿಸಿದರು. ಅಲ್ಲಿಂದ ಮಾರ್ಗರೆಟ್‌ಗಾಗಿ ಹುಡುಕಾಟ. ಬಿಸಿಲು, ಮುಳ್ಳು, ಜಾಲಿ ಗಿಡ, ಆಡಿನ ಹಿಂಡು! ರಜೆಗೆಂದು ಹೋದ ನನ್ನನ್ನೂ ಎಳೆದುಕೊಂಡು ಹೋಗಿ, ಕೈಗೆ ತೆಂಗಿನ ನಾರಿನ ಬ್ರಷ್ಷು ಕೊಟ್ಟು ಕಲ್ಲು ಉಜ್ಜಿಸಿದರು. ಬ್ಯಾಂಕಿನಲ್ಲಿ ನನಗೆ ಎಷ್ಟು ಮರ್ಯಾದೆ ಕೊಡುತ್ತಾರೆ, ಗೊತ್ತೇ?

ಕೊನೆಗೂ ಒಂದು ದಿನ ಹಾವಸೆ ಕಟ್ಟಿದ ಕಲ್ಲೊಂದರ ಮೇಲೆ ‘ಮಾರ್ಗರೆಟ್’ ಎಂಬ ಹೆಸರು ಕಂಡಿತು! ಮಾವ ಅಲ್ಲೇ ಕೂತು ಅತ್ತುಬಿಟ್ಟರು. ಕತ್ತಲಾಯಿತೆಂದು ಉಳಿದದ್ದನ್ನು ಉಜ್ಜದೆ ಬಂದೆವು. ಡಂಡಿಗೆ ಸುದ್ದಿ ಹೋಯಿತು. ಅಲ್ಲಿ ಚರ್ಚಿನಲ್ಲಿ ಮಗುವಿಗಾಗಿ ಪ್ರಾರ್ಥನೆಯಾಯಿತು. ಇಲ್ಲಿ ಮಾವ ಬೆಳಿಗ್ಗೆಯೇ ಸಿಂಹಾಚಲಂಗೆ ಹೋಗಿ, ಮಗುವಿನ ಹೆಸರಿನಲ್ಲಿ ಅರ್ಚನೆ ಮಾಡಿಸಲು ನಿಂತರು.

“ಗೋತ್ರಂ?” ಎಂದು ಕೇಳಿದರು ಅರ್ಚಕರು.

ಮಾವ ಕಣ್ಣು ಮಿಟುಕಿಸದೆ ಆ ಸ್ಕಾಟಿಷ್ ಕುಲದ ಹೆಸರು ಹೇಳಿದರು. ನಾನು ಕಂಬದ ಮರೆಗೆ ಸರಿದೆ. ದೇವಸ್ಥಾನದಿಂದ ಹೊರಗೆ ಹಾಕುತ್ತಾರೆ ಎಂದುಕೊಂಡರೆ, ಆ ಅರ್ಚಕರು ನಿತ್ಯ ಸಾವಿರ ಗೋತ್ರ ಕೇಳುವವರು, ತಡವರಿಸದೆ ಅದಕ್ಕೊಂದು ‘ಗೋತ್ರೋದ್ಭವಸ್ಯ’ ಸೇರಿಸಿ ‘ಮಾರ್ಗರೆಟ್ ನಾಮಧೇಯಸ್ಯ’ ಎಂದು ಮುಗಿಸಿ ತುಳಸಿ ಕೊಟ್ಟರು! ವರಾಹ ನರಸಿಂಹ ಸ್ವಾಮಿ ಎಂತೆಂಥ ಭಕ್ತರನ್ನು ಕಂಡಿಲ್ಲ!

ಅಲ್ಲಿಂದ ಹೂವು ತೆಗೆದುಕೊಂಡು ಭೀಮಿಲಿಗೆ ಹೋಗಿ, ಕಲ್ಲಿನ ಉಳಿದ ಭಾಗ ಉಜ್ಜಿದೆವು. ಒಂದೊಂದೇ ಅಕ್ಷರ ಮೇಲೆದ್ದಿತು. ‘ಹಡಗಿನ ಕಪ್ತಾನನ ಪ್ರೀತಿಯ ಪತ್ನಿ. ಹನ್ನೊಂದು ಮಕ್ಕಳ ತಾಯಿ.’

ಮಾವ ನನ್ನ ಮುಖ ನೋಡಿದರು, ನಾನು ಮಾವನ ಮುಖ ನೋಡಿದೆ. ಎರಡು ಖಂಡಗಳಲ್ಲಿ ಮಗುವೆಂದು ಪೂಜೆ ಮಾಡಿಸಿಕೊಂಡದ್ದು ಹನ್ನೊಂದು ಹೆತ್ತ ಹೆಂಗಸು! ನನಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ. ಮನೆಗೆ ಬಂದು ತಾವೇ ಬಚ್ಚಲಿಗೆ ಹೋಗಿ, ಮೊಬೈಲನ್ನು ಅಕ್ಕನ ಕೈಗೆ ಕೊಟ್ಟರು. ಅಂದು ಅಕ್ಕ ಅದಕ್ಕೆ ನೀರು ಮುಟ್ಟಿಸಲಿಲ್ಲ.

ಸಂಕ್ರಾಂತಿ ರಜೆಗೆ ನಾನು ಮತ್ತೆ ವೈಜಾಗಿಗೆ ಹೋದೆ. ಮಧ್ಯಾಹ್ನ ಡಂಡಿ ದೊಡ್ಡಮ್ಮನ ವಿಡಿಯೋ ಫೋನು ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು; ಮೂಗಿನಲ್ಲಿ ಕೊಳವೆ. “ಸಾಕು ಬಿಡಪ್ಪಾ, ನಾವು ಆದಷ್ಟು ಹುಡುಕಿದೆವು. ಅಲ್ಲಿ ಹೋದಮೇಲೆ ಸಿಗಲಿಲ್ಲ ಅಂತಲೇ ಹೇಳ್ತೀನಿ” ಎಂದು ನಕ್ಕಳು. ಆ ನಗು ನೋಡಲಾಗಲಿಲ್ಲ ನನಗೆ. ಮಾತು ಮುಗಿದ ಮೇಲೆ ಮಾವ ಲ್ಯಾಪ್‌ಟಾಪ್ ಮುಚ್ಚಿಟ್ಟರು. ಅವರೆಕಾಯಿ ಬಿಡಿಸುತ್ತಿದ್ದ ಅಕ್ಕ ತಲೆಯೆತ್ತದೆ ಕೇಳಿದಳು:

“ಆ ಮಗು ಎಷ್ಟು ದಿನದ್ದು?”

“ವಾರವೋ ಹತ್ತು ದಿನವೋ. ಚರ್ಚಿನ ದಾಖಲೆಯಲ್ಲಿ ಅದಕ್ಕೆ ಹೆಸರಿಡೋ ಜ್ಞಾನಸ್ನಾನ ಮಾಡಿಸಿದ್ದೇ ಇಲ್ಲ. ಅದೇ ಗೊತ್ತಾಗ್ತಿಲ್ಲ, ಯಾಕೆ ಬರೆದಿಲ್ಲ ಅಂತ.”

“ಮಾಡಿಸಿದ್ದರೆ ತಾನೇ ಬರೆಯೋದು? ಹೆಸರಿಡೋಕೆ ಮುಂಚೆ ಹೋದ ಮಗೂಗೆ ಹೆಸರೆಲ್ಲಿಂದ ತರ್ತೀರಿ? ಇಲ್ಲದ ಹೆಸರು ಹಿಡಿದು ಹುಡುಕಿದ್ರೆ ಕಪ್ತಾನನ ಹೆಂಡತಿ ಸಿಗದೆ ಇನ್ಯಾರು ಸಿಗ್ತಾರೆ?” ಅಕ್ಕ ಕೈಯಲ್ಲಿದ್ದ ಅವರೆಕಾಯಿಯನ್ನು ತಟ್ಟೆಗೆ ಹಾಕಿದಳು. “ನಮ್ಮದಕ್ಕೆ ಇಟ್ಟಿದ್ರಾ ಹೆಸರು?”

ನಮ್ಮದಕ್ಕೆ? ಅಕ್ಕನಿಗೆ ಮಕ್ಕಳಿಲ್ಲ ಎಂದೇ ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು. ಇಡೀ ಮನೆತನದಲ್ಲಿ ಒಬ್ಬರೂ, ನನ್ನ ಅಮ್ಮ ಕೂಡ, ಈ ಮಾತು ಆಡಿರಲಿಲ್ಲ! ನಾನು ಮಾವನ ಕಡೆ ತಿರುಗಿದೆ. ಅವರು ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು.

“ಹನ್ನೊಂದನೇ ದಿನಕ್ಕೆ ನಾಮಕರಣ ಅಂತ ಊರಿಗೆ ಕಾಗದ ಬರೆದಾಗಿತ್ತು” ಎಂದಳು ಅಕ್ಕ. “ಅಷ್ಟು ದಿನ ಅದು ಇರಲಿಲ್ಲ ಪುಟ್ಟೀ. ನೀನು ಹುಟ್ಟೋಕೆ ಎರಡು ವರ್ಷ ಮುಂಚೆ. ನಾನು ಎದ್ದು ಓಡಾಡೋ ಹಾಗಿರಲಿಲ್ಲ. ಬಟ್ಟೇಲಿ ಸುತ್ತಿ ತಗೊಂಡುಹೋದ್ರು. ಎಲ್ಲಿ ಅಂತ ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ.” ಅಕ್ಕ ಎದ್ದು ಸೆರಗು ಬಿಗಿದಳು. “ನಡೀರಿ ಭೀಮಿಲಿಗೆ. ನಾನು ನೋಡ್ತೀನಿ.”

ಜೀವಮಾನದಲ್ಲಿ ಸ್ಮಶಾನದ ಗೇಟು ದಾಟದ ಅಕ್ಕ! ಕಾರು ಕಡಲ ದಂಡೆಯ ದಾರಿ ಹಿಡಿಯಿತು. ಮಧ್ಯದಲ್ಲೊಮ್ಮೆ ಮಾವ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಬಂದರಿನ ಹತ್ತಿರ ಮರಳುದಿಬ್ಬ ಇತ್ತಲ್ಲ, ನಮ್ಮದನ್ನ ಹೂಳಿದ್ದು ಅಲ್ಲಿ. ಈಗ ಅದು ಕಂಟೇನರ್ ಇಡೋ ಅಂಗಳ. ನಾನು ಆಫೀಸಿಗೆ ದಿನಾ ಅದೇ ದಾರೀಲಿ ಹೋಗ್ತಿದ್ದೆ. ಊರಿಗೆ ವಾಪಸ್ ಹೋಗೋಣ ಅಂತ ನೀನು ಅಂದಾಗಲೆಲ್ಲ ನನಗೆ ಆಗ್ತಿರಲಿಲ್ಲ.” ಅಕ್ಕ ತಲೆಯಾಡಿಸಿದಳು.

ಸ್ಮಶಾನದಲ್ಲಿ ಅಕ್ಕ ದೊಡ್ಡ ಕಲ್ಲುಗಳ ಕಡೆ ತಿರುಗಿಯೂ ನೋಡಲಿಲ್ಲ. ಕುಂಟುತ್ತ ಗೋಡೆಯ ಬದಿಗೆ ಹೋದಳು. “ಹೆಸರಿಲ್ಲದ್ದನ್ನು ಮಧ್ಯದಲ್ಲಿ ಇಡಲ್ಲ” ಎಂದಳು. ಬೇವಿನ ಮರದ ಕೆಳಗೆ, ಮೊಣಕಾಲೆತ್ತರವೂ ಇಲ್ಲದ ಒಂದು ಬೋಳು ಕಲ್ಲಿತ್ತು. ಅದನ್ನು ನೋಡಿ ಮಾವ ಬಿಳುಚಿಕೊಂಡರು. ಅದು ಅವರು ಇಷ್ಟು ದಿನ ಫ್ಲಾಸ್ಕಿನ ಟೀ ಕುಡಿಯಲು ಕೂರುತ್ತಿದ್ದ ಕಲ್ಲು! ನಾನೂ ಕೂತಿದ್ದೆ! ಅಕ್ಕ ಅದರ ಬುಡದ ಹುಲ್ಲು ಕಿತ್ತಳು. ಹಿಂಬದಿಯಲ್ಲಿ ಸವೆದ ಕೆತ್ತನೆ. ಅಕ್ಷರ ಒಂದೂ ಇಲ್ಲ.

“ಬದನೇಕಾಯಿ ಅಲ್ವಾ ಇದು?” ಎಂದೆ ನಾನು.

ಮಾವ ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ಕೂತು, ಅದರ ಮೇಲೆ ಬೆರಳಾಡಿಸಿದರು. “ಅಲ್ಲ ಕಣೇ. ಮುಳ್ಳಿನ ಹೂವು. ಸ್ಕಾಟ್ಲೆಂಡಿನವರ ಹೂವು.”

ಚಿತ್ರ ಡಂಡಿಗೆ ಹೋಯಿತು. ಉತ್ತರವಾಗಿ ಇನ್ನೊಂದು ಚಿತ್ರ ಬಂತು: ಡಂಡಿಯಲ್ಲಿರುವ ಆ ಮುತ್ತಜ್ಜಿಯ ಸಮಾಧಿ ಕಲ್ಲು. ಅದರ ಮೇಲೂ ಅದೇ ಹೂವು, ಅದೇ ಬಾಗಿದ ದಂಟು. ಮುತ್ತಜ್ಜ ಕಲ್ಲುಕುಟಿಗರ ಮನೆಯವನಂತೆ. ಮಗಳಿಗೂ ಹೆಂಡತಿಗೂ ತಾನೇ ಕೆತ್ತಿದ್ದ. ಆಮೇಲೆ ಡಂಡಿ ದೊಡ್ಡಮ್ಮನ ಮುಖವೇ ಪರದೆಗೆ ಬಂತು, ಅಳುತ್ತಿದ್ದಳು. ಹೇಗೆ ಗೊತ್ತಾಯಿತು ಎಂದು ಅಕ್ಕನನ್ನೇ ಕೇಳಿದಳು. ಇಷ್ಟು ದಿನ ಆಕೆಯ ಮುಂದೆ ಬಾಯಿ ಬಿಡದಿದ್ದ ಅಕ್ಕ ಮಾವನ ಕೈಯಿಂದ ಮೊಬೈಲು ಕಸಿದುಕೊಂಡು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ತನಗೂ ಒಬ್ಬಳು ಮಗಳಿದ್ದಳು ಎಂದಳು. ಇನ್ನು ಮೇಲೆ ತಿಂಗಳಿಗೊಮ್ಮೆ ತಾನೇ ಬಂದು ಈ ಮಗುವನ್ನು ನೋಡಿಕೊಂಡು ಹೋಗುತ್ತೇನೆ, ನಿಮ್ಮ ಮುತ್ತಜ್ಜಿಗೆ ಹೇಳಿ ಎಂದಳು. ಕೊನೆಗೆ ಡಂಡಿ ದೊಡ್ಡಮ್ಮ ಕಣ್ಣೊರೆಸಿಕೊಂಡು, ಮಗುವಿಗೆ ಮಾರ್ಗರೆಟ್ ಎಂದೇ ಹೆಸರಿಡೋಣ, ನಿಮ್ಮ ದೇವಸ್ಥಾನದ ಪೂಜೆ ದಂಡವಾಗುವುದು ಬೇಡ ಎಂದಳು.

ಮನೆಗೆ ಬಂದು ಮೂವರೂ ತಲೆಗೆ ನೀರು ಹಾಕಿಕೊಂಡೆವು. ಒದ್ದೆ ತಲೆಯಲ್ಲೇ ಮಾವ ಅಡುಗೆಮನೆಗೆ ಹೋದರು. ಒಂದು ತಟ್ಟೆಯ ತುಂಬ ಅಕ್ಕಿ ಹರವಿಕೊಂಡು ಬಂದು ಅಕ್ಕನ ಮುಂದೆ ಇಟ್ಟು, ನೆಲದ ಮೇಲೆ ಕೂತರು. ನಾಮಕರಣದ ದಿನ ತಂದೆ ಅಕ್ಕಿಯ ಮೇಲೆ ಉಂಗುರದಲ್ಲಿ ಹೆಸರು ಬರೆಯುತ್ತಾನಲ್ಲ, ಹಾಗೆ. ಊದಿದ ಬೆರಳಿನಿಂದ ಉಂಗುರ ಬರಲಿಲ್ಲ, ಆ ಬೆರಳನ್ನೇ ಅಕ್ಕಿಗೆ ಊರಿ, “ಏನು ಬರೀಲಿ?” ಎಂದು ಕೇಳಿದರು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಅವಳ ಮನಸ್ಸಿನಲ್ಲಿ ಆ ಹೆಸರು ಇಷ್ಟು ವರ್ಷವೂ ಇತ್ತು.

“ಜಾನಕಿ.”

ತಿಪಟೂರಿನ ನಮ್ಮ ಅಜ್ಜಿಯ ಹೆಸರು. ಮಾವನಿಗೆ ತಾಯಿ, ಅಕ್ಕನಿಗೆ ಅಜ್ಜಿ. ಮಾವ ಅಕ್ಕಿಯ ಮೇಲೆ ಮೂರಕ್ಷರ ಬರೆದರು. ಆ ಮಗು ನನಗೆ ಏನಾಗಬೇಕು? ಅಕ್ಕನ ಕಡೆಯಿಂದ ಮಗಳು, ಮಾವನ ಕಡೆಯಿಂದ ಅತ್ತಿಗೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು ಎಂದು ನೆನೆದಾಗ ನನಗೆ ಅಳು ಬಂತು.

ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಬೇಕು. ಮಾವ ಸುತ್ತ ನೋಡಿದರು. ಆಮೇಲೆ ಅಕ್ಕನ ಕಿವಿಗೆ ಬಾಗಿ ಮೆಲ್ಲಗೆ ಹೇಳಿದರು. ಅಕ್ಕ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

“ಜೋರಾಗಿ ಹೇಳಿ” ಎಂದಳು. “ಅವಳಿಗೆ ಕೇಳಿಸಬೇಕಲ್ಲ.”

ಮಾವ ಎದ್ದು ಬಾಲ್ಕನಿಗೆ ಹೋದರು. ಬಂದರಿನ ಕಡೆ ಮುಖ ಮಾಡಿ, ಸಂಜೆಯಾದರೂ ಆಟ ಬಿಟ್ಟು ಬಾರದ ಮಗುವನ್ನು ಊಟಕ್ಕೆ ಕರೆಯುವ ಹಾಗೆ, “ಜಾನಕೀ” ಎಂದು ಕೂಗಿದರು. ಅಕ್ಕ ಹೋಗಿ ಅವರ ಪಕ್ಕದಲ್ಲಿ ನಿಂತು ಕೂಗಿದಳು. ನಾನೂ ಹೋಗಿ ನಿಂತು ಕೂಗಿದೆ.